ಅಕ್ಕನ ಹಾಡು ಮತ್ತು ಮೂರು ಕೋಣೆಯ ಡಿಸ್ಕು

ನಮ್ಮ ಮನೆಯಲ್ಲಿ ಫಜೀತಿಗಳೆಲ್ಲ ಆಗುವುದು ಏನನ್ನಾದರೂ ಜೋಪಾನ ಮಾಡಲು ಹೊರಟಾಗಲೇ.

ಗದುಗಿನಿಂದ ಸಹಕಾರನಗರಕ್ಕೆ ಬರುವಾಗ, ತೀರಿಹೋದ ನಮ್ಮ ಅಕ್ಕ ಹಾಡಿದ ಬೀಸುಕಲ್ಲಿನ ಪದಗಳ ಕ್ಯಾಸೆಟ್ಟುಗಳನ್ನು ತಂದಿದ್ದೆ. ಟೇಪು ಹರಿಯತೊಡಗಿದಾಗ ಹಾಡುಗಳನ್ನು ಕಂಪ್ಯೂಟರಿಗೆ ಹಾಕಿಸಿದೆವು. ಆಮೇಲೆ ಕ್ಯಾಸೆಟ್ಟುಗಳು ಹಾಳಾದವು. ಅಕ್ಕನ ದನಿ ಉಳಿದದ್ದು ಕಂಪ್ಯೂಟರಿನಲ್ಲಿ ಅಷ್ಟೇ.

೧. ಮೂರು ಕೋಣೆ

ಕಂಪ್ಯೂಟರಿನ ದೊಡ್ಡ ಡಿಸ್ಕನ್ನು ರಿಪೇರಿಯವರು ಸಿ, ಡಿ, ಇ ಎಂದು ಮೂರು ಭಾಗ ಮಾಡಿಕೊಟ್ಟಿದ್ದರು. ನಮ್ಮ ಯಜಮಾನರು ಮೂರರಲ್ಲೂ ಹಾಡುಗಳನ್ನು ಕಾಪಿ ಮಾಡಿ, "ಇನ್ನ ಚಿಂತಿಲ್ಲ. ಒಂದು ಹೋದ್ರ ಎರಡು ಇರ್ತಾವ" ಎಂದರು.

"ಸಾರ್, ಕೋಣೆ ಮೂರಾದ್ರೂ ಮನೆ ಒಂದೇ. ಮನೇನೇ ಬಿದ್ರೆ?" ಎಂದರು ರಿಪೇರಿಯವರು.

"ಹೊಸಾ ಮನಿ. ಅದ್ಯಾಕ ಬೀಳ್ತದ?"

೨. ಆಯುಧಪೂಜೆ

ನಾನೇ ಹಟ ಹಿಡಿದು ಇನ್ನೊಂದು ಡಿಸ್ಕು ತರಿಸಿದೆ. ರಿಪೇರಿಯವರು ಇಡೀ ಕಂಪ್ಯೂಟರಿನ ಪಡಿಯಚ್ಚನ್ನು ಅದರೊಳಗೆ ಇಳಿಸಿಕೊಟ್ಟರು. ದೇವರ ಕೋಣೆಯಲ್ಲಿಟ್ಟೆ. ಆಯುಧಪೂಜೆಯ ದಿನ ಯಜಮಾನರು ಅದಕ್ಕೆ ಕುಂಕುಮ ಹಚ್ಚಿ, ಭಕ್ತಿಯಿಂದ ತೀರ್ಥ ಚಿಮುಕಿಸಿದರು. ಭಕ್ತಿ ತುಸು ಹೆಚ್ಚಾಯಿತು. ಮರುದಿನ ಡಿಸ್ಕು ಏಳಲಿಲ್ಲ.

ರಿಪೇರಿಯವರು ಬಿಚ್ಚಿ, ಬೆರಳಿಗಂಟಿದ ಕೆಂಪು ನೀರು ನೋಡಿದರು. "ಸಾರ್, ಏನ್ ಮಾಡಿದ್ರಿ ಇದಕ್ಕೆ?"

"ಎಲ್ಲಾ ಕ್ರಮಪ್ರಕಾರ ಮಾಡೀನಿ. ಮಂಗಳಾರತಿ ಸೈತ."

೩. ಖಾಲಿ ಕೊಡಬಾರದು

ಇನ್ನೊಂದು ತರಿಸುವ ಮೊದಲೇ ಕಂಪ್ಯೂಟರಿನ ಡಿಸ್ಕೂ ನಿಂತಿತು. ಮೂರೂ ಕೋಣೆ ಒಟ್ಟಿಗೇ ಬಿದ್ದವು. "ಏನೂ ಬರ್ತಿಲ್ಲಮ್ಮ" ಎಂದರು ರಿಪೇರಿಯವರು. ಅಕ್ಕ ಎರಡನೇ ಸಲ ಹೋದಳು ಎಂದು ನಾನು ಒಲೆ ಹಚ್ಚದೆ ಕುಳಿತೆ.

ಸುದ್ದಿ ಕೇಳಿ ಎದುರುಮನೆಯಾಕೆ ಬಂದರು. "ಅದಕ್ಯಾಕ್ರೀ ಅಳ್ತೀರಾ? ನಿಮ್ಮಕ್ಕನ ಹಾಡು ನಮ್ಮನೇಲಿದೆಯಲ್ಲ! ನೀವೇ ಹಾಕ್ಕೊಟ್ರಿ ಕಣ್ರೀ."

ಆಗ ನೆನಪಾಯಿತು. ವರ್ಷದ ಹಿಂದೆ ಅವರು ಮಗಳ ಮದುವೆ ಫೋಟೊ ನೋಡಲು ತಮ್ಮ ಡಿಸ್ಕು ಕೊಟ್ಟಿದ್ದರು. ಪರರ ಮನೆಯ ಡಬ್ಬಿಯನ್ನು ಖಾಲಿ ಹಿಂದಿರುಗಿಸುವ ರೂಢಿ ನಮ್ಮಲ್ಲಿಲ್ಲ. ಹಾಗೆಂದು ಅಕ್ಕನ ಹಾಡು ತುಂಬಿಸಿ ಕೊಟ್ಟಿದ್ದೆ.

ಓಡಿಹೋಗಿ ತಂದರು. "ನಾನೂ ಖಾಲಿ ತಂದಿಲ್ಲ. ಮೊಮ್ಮಗನ ನಾಮಕರಣದ್ದು ಒಂಬೈನೂರು ಫೋಟೊ ಇದೆ. ಎಲ್ಲಾ ನೋಡ್ಬೇಕು."

ಅಕ್ಕನ ದನಿ ಕೇಳುತ್ತ, ಕಣ್ಣೊರೆಸಿಕೊಳ್ಳುತ್ತ, ಒಂಬೈನೂರನ್ನೂ ನೋಡಿದೆವು. ಕೊನೆಗೆ ಯಜಮಾನರು ತಗ್ಗಿದ ದನಿಯಲ್ಲಿ ಹೇಳಿದರು:

"ಹಾಡಿನ ಒಂದು ಪ್ರತಿ ಅವರ ಮನ್ಯಾಗ ಇರಲಿ ಬಿಡು. ನಮ್ಮ ಮನ್ಯಾಗ ಪೂಜಿ ಭಾಳ ಜೋರು."