ತೊಡೆಯ ಮೇಲಿದ್ದ ದಾಖಲೆ

ಕಾನೂನು ನನಗೆ ನೀರು ಕುಡಿದಷ್ಟು ಸುಲಭ. ಕಿರಾಣಿ ಅಂಗಡಿಯಲ್ಲಿ ಕುಳಿತು ಊರಿಗೆಲ್ಲ ಬಿಟ್ಟಿ ಸಲಹೆ ಕೊಡುವವನು ನಾನು. ಆದ್ದರಿಂದ ನನ್ನ ಹೆಂಡತಿ ಗಿರಿಜೆಗೆ ಪಂಚಾಯಿತಿಯಿಂದ ಒಂದು ಕಾಗದ ಬೇಕಾದಾಗ, ಆ ಕೆಲಸ ಯಾರು ಮಾಡಬೇಕೆಂಬ ಪ್ರಶ್ನೆಯೇ ಏಳಲಿಲ್ಲ. ನನ್ನ ತಲೆಯಲ್ಲಂತೂ ಏಳಲಿಲ್ಲ!

ವಿಷಯ ಇಷ್ಟೇ. ಗಿರಿಜೆ ಮತ್ತು ಅವಳ ಸಂಘದ ಹೆಂಗಸರು ನಮ್ಮೂರಿನ ಪಂಚಾಯಿತಿ ಕೋಣೆಯೊಂದರಲ್ಲಿ ಖಡಕ್ ರೊಟ್ಟಿ ಮಾಡಿ ರಾಣೆಬೆನ್ನೂರಿಗೆ ಕಳಿಸುತ್ತಾರೆ. ಆ ಕೋಣೆಯನ್ನು ಗೋದಾಮು ಮಾಡಬೇಕೆಂದು ಕೆಲವರು ಹಟ ಹಿಡಿದಿದ್ದರು. ಕೋಣೆ ಸಂಘಕ್ಕೇ ಎಂದು ಹಿಂದೊಮ್ಮೆ ಸಭೆಯಲ್ಲಿ ಠರಾವಾಗಿತ್ತು. ಅದರ ಪ್ರತಿ ಮುಂದಿನ ಸಭೆಯೊಳಗೆ ಕೈಗೆ ಬಾರದಿದ್ದರೆ ಹೆಂಗಸರ ಒಲೆ ಬೀದಿಗೆ.

"ಪಂಚಾಯ್ತಿ ಕಚೇರಿ ಬಾಜೂ ಊರಾಗ ಐತಿ. ಹೋಗಿ ಒಂದ್ ಮಾತು ಕೇಳ್ರಲ್ಲ," ಎಂದಳು ಗಿರಿಜೆ.

"ಹಕ್ಕು ಅಂದ್ರ ಬಾಯಿಲೆ ಕೇಳೂದಲ್ಲ. ಬರದು ಕೇಳೂದು!"

ಬರೆದೆ. ಪ್ರಜಾಪ್ರಭುತ್ವ, ಪಾರದರ್ಶಕತೆ, ಪ್ರಜೆಯ ಪರಮಾಧಿಕಾರ ಎಲ್ಲವನ್ನೂ ಸೇರಿಸಿ ಮಾಹಿತಿ ಹಕ್ಕಿನ ಅರ್ಜಿಯನ್ನು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. ಗಡುವು ಮುಗಿದರೂ ಉತ್ತರವಿಲ್ಲ. ಮೇಲಧಿಕಾರಿಗೆ ಮೇಲ್ಮನವಿ ಹಾಕಿದೆ. ವಿಚಾರಣೆಗೆ ರಾಣೆಬೆನ್ನೂರಿಗೆ ಬನ್ನಿ ಎಂದು ನೋಟಿಸು ಬಂತು. ಓಣಿಯವರಿಗೆಲ್ಲ ತೋರಿಸಿಯೇ, ನನ್ನ ಬಟ್ಟೆಚೀಲ ಹೆಗಲಿಗೇರಿಸಿ ಬಸ್ಸು ಹತ್ತಿದೆ.

ಬಸ್ಸು ನಮ್ಮೂರಿನಿಂದಲೇ ಹೊರಡುವುದರಿಂದ ಸೀಟು ಸಿಕ್ಕಿತು. ಬಾಜೂ ಊರಿನಲ್ಲಿ ಜನ ತುಂಬಿದರು. ದೊಡ್ಡ ಚೀಲ ಹಿಡಿದ ಕನ್ನಡಕದವರೊಬ್ಬರು ನನ್ನ ಪಕ್ಕ ನಿಂತು ತೂಗಾಡತೊಡಗಿದರು. ನಿಂತವರ ಚೀಲವನ್ನು ಕುಳಿತವರು ಹಿಡಿಯುವುದು ನಮ್ಮ ಕಡೆಯ ಬಸ್ಸುಗಳ ಕಾಯಿದೆ.

"ಕೊಡ್ರಿ ಇಲ್ಲೆ," ಎಂದು ಇಸಿದುಕೊಂಡು ತೊಡೆಯ ಮೇಲಿಟ್ಟುಕೊಂಡೆ. ಕಲ್ಲು ತುಂಬಿದಷ್ಟು ಭಾರ!

"ಏನ್ ಕೆಲಸಕ್ಕ ಹೊಂಟೀರಿ?" ಎಂದರು ಅವರು.

ಅಷ್ಟು ಸಾಕಾಯಿತು ನನಗೆ. "ನಮ್ಮ ಪಂಚಾಯ್ತಿಗೆ ಹೊಸಾ ಪಿಡಿಒ ಬಂದಾನ್ರಿ. ದಾಖಲಿ ಮ್ಯಾಲ ಹಾವಿನಂಗ ಕುಂತಾನ! ರೊಟ್ಟಿ ಕೋಣಿ ಠರಾವು ಒಂದು ಕೊಡಾಕ ಏನ್ ಧಾಡಿ ಅವಂಗ?"

"ರೊಟ್ಟಿ ಕೋಣಿದಾ!" ಅವರ ಮುಖ ಅರಳಿತು. "ಅದೇನಂದ್ರ, ನಾನು…"

"ತಡೀರಿ, ನಂದು ಮುಗದಿಲ್ಲ!"

ಅವರು ಮತ್ತೆ ಬಾಯಿ ತೆರೆದರು. ನಾನು ಮತ್ತೆ ತಡೆದೆ. ರಾಣೆಬೆನ್ನೂರು ಬಂದರೂ ನನ್ನದು ಮುಗಿಯಲಿಲ್ಲ.

ಇಳಿಯುವ ನೂಕುನುಗ್ಗಲಿನಲ್ಲಿ ಅವರು ಮುಂದಿನ ಬಾಗಿಲಿಂದ ಹೊರಬಿದ್ದರು, ನಾನು ಹಿಂದಿನ ಬಾಗಿಲಿಂದ. ಚೀಲ ನನ್ನ ಕೈಯಲ್ಲೇ ಉಳಿಯಿತು! ಹುಡುಕಿದೆ, ಕೂಗಿದೆ, ಸಿಗಲಿಲ್ಲ. ವಿಚಾರಣೆಗೆ ಹೊತ್ತಾಗಿತ್ತು. ಆಮೇಲೆ ನೋಡೋಣವೆಂದು ಹೊತ್ತುಕೊಂಡೇ ಓಡಿದೆ.

ಒಳಗೆ ಮೇಲ್ಮನವಿ ಕೇಳುವ ಅಧಿಕಾರಿ ಮೇಡಂ ಕುಳಿತಿದ್ದರು. ಅಕ್ಕಪಕ್ಕ ನೋಡದೆ ಎದುರಿನ ಕುರ್ಚಿಯಲ್ಲಿ ಕುಳಿತು ಶುರುಮಾಡಿದೆ. "ಮಾನ್ಯರೇ! ಸಾರ್ವಜನಿಕ ದಾಖಲೆಗಳನ್ನು ಪ್ರಜೆಗಳಿಂದ ಬಚ್ಚಿಡಲಾಗಿದೆ!" ಮಾತಿಗೆ ತೂಕ ಬರಲೆಂದು ತೊಡೆಯ ಮೇಲಿನ ಚೀಲವನ್ನು ದಬದಬ ಬಡಿದೆ.

ಮೇಡಂ ನನ್ನ ಹಿಂದೆ ನೋಡಿ ಕೇಳಿದರು. "ಪಿಡಿಒ ಅವರ, ದಾಖಲಿ ತಂದೀರೇನು?"

"ತಂದೀನ್ರಿ ಮೇಡಂ. ಅವರ ತೊಡಿ ಮ್ಯಾಲ ಅದಾವ."

ತಿರುಗಿ ನೋಡಿದೆ. ಕನ್ನಡಕದವರು! ಭೂಮಿ ಬಾಯಿಬಿಡಲೆಂದು ಕಾದೆ. ರಾಣೆಬೆನ್ನೂರಿನ ನೆಲ ಬಲು ಗಟ್ಟಿ.

"ಅಂದ್ರ ಸದ್ಯಕ್ಕ ದಾಖಲಿ ಬಚ್ಚಿಟ್ಟವರು ಅರ್ಜಿದಾರರು," ಎಂದರು ಮೇಡಂ, ಮುಖದಲ್ಲಿ ನಗೆಯ ಸುಳಿವೂ ಇಲ್ಲದೆ.

ಪಿಡಿಒ ವಿನಯದಿಂದಲೇ ಹೇಳಿದರು. "ಅರ್ಜಿ ಭಾಳ ಛಲೋ ಬರದಾರ್ರಿ. ಆದ್ರ ಯಾವ ಠರಾವು ಬೇಕಂತ ಎಲ್ಲೂ ಬರದಿಲ್ಲ. ಫೋನ್ ನಂಬರೂ ಇಲ್ಲ. ಅದಕ ಎಲ್ಲಾ ಪುಸ್ತಕ ಹೊತ್ತು ತಂದೆ. ರೊಟ್ಟಿ ಕೋಣಿದು ಅಂತ ಬಸ್ಸಿನ್ಯಾಗ ಗೊತ್ತಾತು."

"ತಿಳೀಲಿಲ್ಲಂದ್ರ ಒಂದ್ ಪತ್ರ ಬರದು ಕೇಳಬೇಕಿತ್ತು. ಸುಮ್ನ ಕುಂದ್ರೂದು ಉತ್ತರ ಅಲ್ಲ," ಎಂದರು ಮೇಡಂ. ಪಿಡಿಒ ತಲೆ ತಗ್ಗಿಸಿ ಒಪ್ಪಿಕೊಂಡರು. ಮೇಡಂ ಅಲ್ಲೇ ಪುಟ ತೆಗೆಸಿ, ಝೆರಾಕ್ಸ್ ಮಾಡಿಸಿ, ಪಿಡಿಒ ಕೈಯಿಂದ ಸಹಿ ಮಾಡಿಸಿ ನನಗೆ ಕೊಡಿಸಿದರು. ಇನ್ನು ಮುಂದೆ ಎಲ್ಲ ಠರಾವುಗಳನ್ನೂ ಪಂಚಾಯಿತಿ ಗೋಡೆಗೆ ಹಚ್ಚಬೇಕು, ಯಾರೂ ಅರ್ಜಿ ಹಿಡಿದು ಅಲೆಯಬಾರದು ಎಂದು ಬರೆಸಿದರು. ಇಬ್ಬರಿಗೂ ತಪ್ಪು ತೋರಿಸಿದರು, ಯಾರನ್ನೂ ಕುಗ್ಗಿಸಲಿಲ್ಲ. ಕಚೇರಿಯೊಂದು ಇಷ್ಟು ಚೆಂದಾಗಿ ನಡೆಯಬಹುದೆಂದು ನನಗೆ ಗೊತ್ತೇ ಇರಲಿಲ್ಲ. ಪಿಡಿಒ ಅಂತೂ ಆ ಹಾವಿನ ಮಾತನ್ನು ಅಲ್ಲಿ ಎತ್ತಲೇ ಇಲ್ಲ. ದೊಡ್ಡ ಮನುಷ್ಯ!

ಮರಳುವ ಬಸ್ಸಿನಲ್ಲಿ ಅವರಿಗೆ ಸೀಟು ಸಿಕ್ಕಿತು, ನನಗೆ ಕಂಬಿ. "ಕೊಡ್ರಿ ಚೀಲ," ಎಂದು ನನ್ನ ಬಟ್ಟೆಚೀಲಕ್ಕೆ ಕೈ ಚಾಚಿದರು. ಕೊಟ್ಟೆ. ನಾನು ಮೇಡಂ ಅವರನ್ನು ಹೊಗಳುತ್ತ ಹೋದೆ, ಅವರು ತಮ್ಮ ಊರಿನಲ್ಲಿ ಇಳಿದರು.

ಮನೆಯ ಹೊಸ್ತಿಲಲ್ಲೇ ಕೂಗಿದೆ. "ಗೆದ್ದೆ!"

"ಕಾಗದ ಎಲ್ಲೈತ್ರಿ?"

"ಚೀಲದಾಗ."

"ಚೀಲ?"

ಮೆಲ್ಲಗೆ ಹೇಳಿದೆ. "ಪಿಡಿಒ ಸಾಹೇಬ್ರ ತೊಡಿ ಮ್ಯಾಲ."

ಮರುದಿನ ಗಿರಿಜೆ ಪಂಚಾಯಿತಿ ಕಚೇರಿಗೆ ಹೋದಳು, ಒಂದು ಮಾತು ಕೇಳಿದಳು, ಅವರು ಕುಡಿಸಿದ ಚಹಾ ಕುಡಿದು ಕಾಗದ, ಚೀಲ ಎರಡನ್ನೂ ತಂದಳು. ಸಭೆಯಲ್ಲಿ ಆ ಕಾಗದ ತೋರಿಸಿದ್ದೂ ಅವಳೇ. ಒಲೆ ಇದ್ದಲ್ಲೇ ಉರಿಯುತ್ತಿದೆ.

ನಾನು ಈಗಲೂ ಸಲಹೆ ಕೊಡುತ್ತೇನೆ, ಕೇಳುವವರು ಕಡಿಮೆಯಾಗಿದ್ದಾರೆ ಅಷ್ಟೇ. ಬಸ್ಸಿನಲ್ಲಿ ಯಾರಾದರೂ ಚೀಲ ಕೊಟ್ಟರೆ ಮಾತ್ರ, ಬಾಯಿ ತೆರೆಯುವ ಮೊದಲು ಕೈ ಮುಗಿದು ಕೇಳುತ್ತೇನೆ: "ತಾವು ಯಾವ ಇಲಾಖೆಯವರ್ರಿ?"