ಎರಡನೇ ಭೇಟಿಗೊಂದು ಹೆಲ್ಮೆಟ್

ನಾಲ್ಕು ಜನ ಕೂತು ಉಣ್ಣುವ ಕಡೆ ಇಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ನಾನೇನು ಹುಡುಕಿಕೊಂಡು ಹೋಗುವುದಿಲ್ಲ, ಅವೇ ಹಸಿವಾದಾಗ ನನ್ನ ಮನೆಗೆ ಬರುತ್ತವೆ.

ಪುಣೆಯ ಹಿಂಜವಾಡಿಯಲ್ಲಿ ಸಾಫ್ಟ್‌ವೇರ್ ಕಂಪನಿಗಳ ಬೆನ್ನಿಗೇ ನಮ್ಮ ಮನೆ. ಮುಂದಿನ ಕೋಣೆಯಲ್ಲಿ ಎರಡು ಮೇಜು ಹಾಕಿ ಜೋಳದ ರೊಟ್ಟಿ ಊಟ ಕೊಡುತ್ತೇನೆ. ಗಂಡ ಕಂಪನಿ ಕ್ಯಾಬ್ ಓಡಿಸುತ್ತಾನೆ. ಐದು ವರ್ಷದ ಮಗಳು ಮರಾಠಿ ಬಾಲವಾಡಿಗೆ ಹೋಗಿ ಬಂದು ನಮಗೆಲ್ಲ ಪಾಠ ಮಾಡುತ್ತಾಳೆ. ಅಕ್ಕಪಕ್ಕದ ಮರಾಠಿ ಮಂದಿ ನನ್ನನ್ನು ಗೌರವದಿಂದ ‘ಬಾಯಿ’ ಅನ್ನುತ್ತಾರೆ. ಅವರಲ್ಲಿ ಹೆಂಗಸರನ್ನು ಹಾಗೆ ಕರೆಯುವ ರೂಢಿ. ನನ್ನ ಗಂಡ ಮಾತ್ರ, “ಕನ್ನಡ ಬರದಿದ್ರೂ ಕರೆಕ್ಟ್ ಹೆಸರು ಇಟ್ಟಾರ ನೋಡು” ಅನ್ನುತ್ತಾನೆ.

ನಾನು ಓದಿದ್ದು ಹತ್ತನೆಯವರೆಗೆ. ಆದರೆ ಇಂಜಿನಿಯರಿಂಗ್ ಮುಗಿಸಿದವರು ನನ್ನ ಬಳಿ ಸಲಹೆ ಕೇಳುತ್ತಾರೆ. ಆಫೀಸಿನ ಕೆಲಸದ್ದಲ್ಲ, ಹುಡುಗಿಯರದ್ದು. ಮೊದಲನೇ ಭೇಟಿಯನ್ನು ಫೋನೇ ಮಾಡಿಸಿಕೊಡುತ್ತದೆ. ಎರಡನೇದಕ್ಕೆ ತಲೆ ಬೇಕು. ಆ ತಲೆ ನನ್ನ ಹತ್ತಿರ ಇದೆ. ಇಲ್ಲಿಯವರೆಗೆ ನನ್ನ ಮಾತು ಕೇಳಿದ ಮೂವರಿಗೆ ಮದುವೆಯಾಗಿದೆ, ನನ್ನ ಗೋಡೆಯ ಮೇಲೆ ಮೂರು ಲಗ್ನಪತ್ರಿಕೆ ಅಂಟಿವೆ. ನಾಲ್ಕನೆಯವನು ಮಾತ್ರ ನನ್ನ ಮರ್ಯಾದೆ ತೆಗೆಯುವ ಹತ್ತಿರ ಬಂದಿದ್ದ.

ವಿದ್ಯೆ ಬಂದ ಬಗೆ

ಇದು ನನಗೆ ಬಂದದ್ದು ಸ್ವಂತ ಅನುಭವದಿಂದ. ಪುಣೆ ಹತ್ತಿರದ ತಳೇಗಾಂವ ದಾಭಾಡೆಯಲ್ಲಿ ನಮ್ಮಣ್ಣ ಫ್ಯಾಕ್ಟರಿ ಕೆಲಸದಲ್ಲಿದ್ದ. ಅವನ ಮನೆಯಲ್ಲಿ ನನ್ನನ್ನು ನೋಡಲು ಗಂಡುಗಳು ಬರುತ್ತಿದ್ದರು. ಅವಲಕ್ಕಿ ತಿಂದು, ಚಹಾ ಕುಡಿದು, “ಊರಿಗೆ ಹೋಗಿ ತಿಳಸ್ತೀವ್ರಿ” ಅನ್ನುತ್ತಿದ್ದರು. ಆ ಊರು ಎಲ್ಲಿದೆಯೋ, ಅಲ್ಲಿಂದ ಯಾರೂ ಇವತ್ತಿನವರೆಗೂ ತಿಳಿಸಿಲ್ಲ.

ಹಾಗೆ ನೋಡಲು ಬಂದ ನಾಲ್ಕನೇ ಗಂಡು ಬೈಕಿನ ಮೇಲೆ ಬಂದ. ಅವನೂ ಅವಲಕ್ಕಿ ತಿಂದ, ಚಹಾ ಕುಡಿದ, ತಿಳಿಸ್ತೀನಿ ಅಂದ. ನಾನು ಒಳಗೆ ಹೋಗಿ ಬಟ್ಟಲು ತೊಳೆಯತೊಡಗಿದೆ. ಆಮೇಲೆ ನೋಡಿದರೆ ಕುರ್ಚಿಯ ಕೆಳಗೆ ಹೆಲ್ಮೆಟ್! ಮರುದಿನ ಅದನ್ನು ಒಯ್ಯಲು ಬಂದ. ಅಣ್ಣ ಮನೆಯಲ್ಲಿ ಇರಲಿಲ್ಲ. ಬಾಗಿಲಲ್ಲಿ ನಿಂತೇ ಅರ್ಧ ತಾಸು ಮಾತಾಡಿದೆವು. ಹಿಂದಿನ ದಿನ ತಲೆ ಎತ್ತದವನು ಅವತ್ತು ನಕ್ಕ, ನಗಿಸಿದ.

ನೋಡಿ, ಎಷ್ಟು ಉಪಾಯದ ಗಂಡಸು! ಪುಣೆಯಲ್ಲಿ ಹೆಲ್ಮೆಟ್ ಹಾಕುವವರೇ ಕಡಿಮೆ. ಇವನು ಹಾಕಿಕೊಂಡು ಬಂದದ್ದೂ ಅಲ್ಲದೆ ಬೇಕೆಂದೇ ಬಿಟ್ಟು ಹೋಗಿದ್ದ. ನಾನು ಅಣ್ಣನಿಗೆ ಹೂಂ ಅಂದೆ. ಅಂದಿನಿಂದ ನನ್ನ ಮೊದಲ ಸೂತ್ರ: ಮೊದಲನೇ ಭೇಟಿಯಲ್ಲಿ ಏನಾದರೂ ಬಿಟ್ಟು ಬರಬೇಕು.

ಇದನ್ನೇ ಸಲಹೆಗೆ ಬಂದ ನಾಲ್ಕನೆಯವನಿಗೆ, ಮೈಸೂರಿನ ಹುಡುಗನಿಗೆ ಹೇಳಿದೆ. ಪುಣೆಗೆ ಬಂದು ಮೂರು ತಿಂಗಳಾಗಿತ್ತು, ಸಾಫ್ಟ್‌ವೇರ್ ಕೆಲಸ, ಭಾಳ ಒಳ್ಳೆಯ ಹುಡುಗ, ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಪುಣೆಯದೇ ಕೊಂಢವಾ ಬಡಾವಣೆಯ ಒಬ್ಬ ಹುಡುಗಿಯನ್ನು ಮದುವೆಯ ಆ್ಯಪಿನಲ್ಲಿ ನೋಡಿ ಕಾಫಿ ಅಂಗಡಿಯಲ್ಲಿ ಭೇಟಿಯಾಗಲು ಹೊರಟಿದ್ದ. ಅವಳ ಅಪ್ಪ ವಿಜಯಪುರದವರು, ಕೊಂಢವಾದಲ್ಲಿ ಅರಿವೆ ಅಂಗಡಿ. ಅವಳು ಹುಟ್ಟಿ ಬೆಳೆದದ್ದೆಲ್ಲ ಪುಣೆಯಲ್ಲಿ.

ಹುಡುಗ ಭೇಟಿ ಮುಗಿಸಿ ನಗುತ್ತ ಬಂದ. “ಅಕ್ಕಾ, ನೀವು ಹೇಳಿದ ಹಾಗೇ ಬಿಟ್ಟು ಬಂದೆ.”

“ಏನು ಬಿಟ್ಟಿ?”

“ಆಫೀಸ್ ಐಡಿ ಕಾರ್ಡ್.”

ಮರುದಿನ ಇವನನ್ನು ಆಫೀಸಿನ ಗೇಟಿನಲ್ಲೇ ತಡೆದರು. ಅತ್ತ ಆ ಹುಡುಗಿ ಪಾಪ, ಕಾರ್ಡಿನ ಮೇಲಿದ್ದ ವಿಳಾಸ ನೋಡಿ ಕೊರಿಯರ್‌ನವನ ಕೈಯಲ್ಲಿ ಕಳಿಸಿಬಿಟ್ಟಳು. ಅವನಿಗೆ ಎರಡನೇ ಭೇಟಿ ಆಯಿತು, ಕೊರಿಯರ್‌ನವನ ಜೊತೆ.

ಹದಿನೈದು ನಿಮಿಷ ಬಾಲ್ಯ

ಆದರೂ ನಾನು ಕೈಬಿಡಲಿಲ್ಲ. ಯಾಕೆಂದರೆ ವಿಷಯ ಸಣ್ಣದಿರಲಿಲ್ಲ. ಹುಡುಗಿ ಮೊದಲ ದಿನವೇ ನೇರವಾಗಿ ಹೇಳಿದ್ದಳಂತೆ: “ಮನ್ಯಾಗ ತಳೇಗಾಂವದ ಇನ್ನೊಂದು ಮನಿಯವರ ಕೂಡ ಮಾತುಕತಿ ನಡದದ. ದೀಪಾವಳಿಯೊಳಗ ನಾ ಹೂಂ ಅಥವಾ ಊಹೂಂ ಹೇಳಬೇಕು.” ದೀಪಾವಳಿಗೆ ಮೂರು ವಾರ ಉಳಿದಿತ್ತು. ಹುಡುಗನಿಗೆ ಅವಳು ಎಷ್ಟು ಮನಸ್ಸಿಗೆ ಹಿಡಿಸಿದ್ದಳೆಂದರೆ, ಎರಡು ದಿನದಿಂದ ಮೂರನೇ ರೊಟ್ಟಿ ಬೇಡ ಅನ್ನುತ್ತಿದ್ದ. ನನ್ನ ಮನೆಯಲ್ಲಿ ಮೂರನೇ ರೊಟ್ಟಿ ಬೇಡ ಅಂದವರು ಇಬ್ಬರೇ. ಇನ್ನೊಬ್ಬನಿಗೆ ಹಲ್ಲುನೋವಿತ್ತು.

ಒಂದು ದಿನ ಲ್ಯಾಪ್‌ಟಾಪ್ ತೆರೆದು ತೋರಿಸಿದ. “ಅಕ್ಕಾ, ಸೆಕೆಂಡ್ ಮೀಟಿಂಗ್ ಪ್ಲಾನ್ ರೆಡಿ ಮಾಡಿದೀನಿ.” ಖಾನೆಖಾನೆ ಹಾಕಿ ಬಣ್ಣ ತುಂಬಿದ್ದ. ಐದರಿಂದ ಐದೂಕಾಲು ಬಾಲ್ಯ. ಐದೂಕಾಲಿನಿಂದ ಐದೂವರೆ ಹವ್ಯಾಸ. ಆಮೇಲೆ ಹತ್ತು ನಿಮಿಷ ಪ್ರಶ್ನೋತ್ತರ. ಸ್ಥಳ: ಮೊದಲಿನದಕ್ಕಿಂತ ದೊಡ್ಡ ಕಾಫಿ ಅಂಗಡಿ.

“ತಮ್ಮಾ, ನೀ ಹುಡುಗಿ ನೋಡಾಕ ಹೊಂಟೀಯೋ, ನೌಕರಿ ಕೊಡಾಕ ಹೊಂಟೀಯೋ?” ಅಂದೆ. “ಮೊದಲ ಸಲ ಆಕಿ ಕಾಫಿ ಕುಡದಳೇನು?”

ಯೋಚಿಸಿದ. “ಇಲ್ಲ. ಹಾಗೇ ಇಟ್ಟಿದ್ರು.”

“ಮತ್ತ ಅದಕ್ಕಿಂತ ದೊಡ್ಡ ಕಪ್ಪಿನ್ಯಾಗ ಕೊಟ್ರ ಕುಡೀತಾಳೇನು? ಆಕಿ ತಾನಾಗೇ ಏನರೆ ಅಂದ್ಲಾ?”

ಬಹಳ ಹೊತ್ತಿನ ಮೇಲೆ ನೆನಪಾಯಿತು. ಅಜ್ಜಿಯ ಊರಿಗೆ ಹೋದಾಗ ತಿನ್ನುತ್ತಿದ್ದ ಗಿರಮಿಟ್ ಪುಣೆಯಲ್ಲಿ ಸಿಗುವುದಿಲ್ಲ ಅಂದಿದ್ದಳಂತೆ. ನಾನು ಹಣೆ ಬಡಿದುಕೊಂಡೆ. ಇಷ್ಟು ದೊಡ್ಡ ಸುಳಿವು ಕೊಟ್ಟಿದ್ದಾಳೆ, ಇವನು ಬಾಲ್ಯಕ್ಕೆ ಹದಿನೈದು ನಿಮಿಷ ಬರೆದುಕೊಂಡಿದ್ದಾನೆ! ಎರಡನೇ ಭೇಟಿಯನ್ನು ನಾವು ಯೋಚಿಸಿ ಹುಟ್ಟಿಸುವುದಲ್ಲ, ಮೊದಲನೇ ಭೇಟಿಯಲ್ಲಿ ಅವರೇ ಹೇಳಿರುತ್ತಾರೆ. ಇದು ನನ್ನ ಎರಡನೇ ಸೂತ್ರ. ಕೊಂಢವಾದ ಗಾರ್ಡನ್ ಹತ್ತಿರ ಹುಬ್ಬಳ್ಳಿಯವನೊಬ್ಬ ಗಿರಮಿಟ್ ಗಾಡಿ ಹಚ್ಚುತ್ತಾನೆ ಅಂತ ನನ್ನ ಗಂಡನಿಗೆ ಗೊತ್ತಿತ್ತು. ಮಂಡಕ್ಕಿಗೆ ಉಳ್ಳಾಗಡ್ಡಿ ಒಗ್ಗರಣೆ, ಮೇಲೆ ಪುಟಾಣಿ ಹಿಟ್ಟು, ಬದಿಗೆ ಮಿರ್ಚಿ. ಅದಕ್ಕಿಂತ ಏನು ಬೇಕು?

ಹುಡುಗ ಮೆಸೇಜ್ ಬರೆಯಲು ಕೂತ. “ಹಾಯ್, ಈ ವೀಕೆಂಡ್ ನಿಮಗೆ ಕಂಫರ್ಟಬಲ್ ಆದ್ರೆ…” ನಾನು ಫೋನ್ ಕಸಿದುಕೊಂಡು ನಾನೇ ಬರೆದೆ: “ರವಿವಾರ ಸಂಜಿ ಐದಕ್ಕ ಗಾರ್ಡನ್ ಗೇಟಿಗೆ ಬರ್ತೀರೇನ್ರಿ? ಬಿಸಿ ಗಿರಮಿಟ್ ಸಿಗ್ತದ. ಮಿರ್ಚಿ ನನ್ನ ಕಡೆಯಿಂದ.”

ಎರಡು ನಿಮಿಷಕ್ಕೆ ಉತ್ತರ ಬಂತು: “ಬರ್ತೀನ್ರಿ. ಆದ್ರ ಈ ಮೆಸೇಜ್ ಬರದವರನ್ನೂ ಕರಕೊಂಡ್ ಬರ್ರಿ.”

ಗೇಟಿನಲ್ಲಿ ಎರಡೂವರೆ ತಾಸು

ನಾನು ಹೋಗಲಿಲ್ಲ. ಹೋಗಿದ್ದರೆ ಮುಂದಿನದು ಆಗುತ್ತಿರಲಿಲ್ಲ.

ಸೋಮವಾರ ಹುಡುಗ ಊಟಕ್ಕೆ ಬಂದಾಗ ಮುಖ ಒಣಗಿದ ರೊಟ್ಟಿಯಂತಿತ್ತು.

“ಅವರು ಬರ್ಲಿಲ್ಲ ಅಕ್ಕಾ.”

“ಫೋನರೆ ಮಾಡಿದ್ಯಾ?”

“ಮಾಡಿದೆ. ಪಕ್ಕದಲ್ಲಿ ಕಟ್ಟಡದ ಕೆಲಸ, ಕಾಂಕ್ರೀಟ್ ಮಶೀನ್ ಸದ್ದು. ನಾನು ಬಂದಿದೀನಿ ಅಂದೆ, ಕಾಯ್ ಅಂದ್ರು. ಗೇಟ್ ಹತ್ರ ಇದೀನಿ ಅಂದೆ, ಕಾಯ್ ಕಾಯ್ ಅಂತ ಜೋರು ಮಾಡಿದ್ರು. ಸರಿ, ಕಾಯ್ತೀನಿ ಅಂತ ಇಟ್ಟೆ. ಏಳೂವರೆವರೆಗೂ ಕಾದೆ.”

“ಮತ್ತೊಮ್ಮೆ ಮಾಡಬೇಕಿಲ್ಲ?”

“ಕಾಯ್ ಅಂದಿದ್ರಲ್ಲ ಅಕ್ಕಾ, ಪದೇ ಪದೇ ಮಾಡಿದ್ರೆ ಚೆನ್ನಾಗಿರಲ್ಲ.” ಸುಮ್ಮನೆ ನಿಂತರೆ ಗಾಡಿಯವನು ಏನಂದುಕೊಳ್ಳುತ್ತಾನೋ ಅಂತ ನಾಲ್ಕು ಪ್ಲೇಟ್ ಗಿರಮಿಟ್ ಬೇರೆ ತಿಂದಿದ್ದ.

ನನಗೆ ಉರಿಯಿತು. ನನ್ನ ಗೋಡೆಯ ನಾಲ್ಕನೇ ಪತ್ರಿಕೆಯನ್ನು ಆ ಹುಡುಗಿ ಹರಿದು ಹಾಕಿದ ಹಾಗಾಯಿತು. “ಏನು ಸೊಕ್ಕು ಆಕೀದು! ಎರಡನೇ ಭೇಟಿಗೇ ಎರಡೂವರೆ ತಾಸು ನಿಲ್ಲಸ್ತಾಳಂದ್ರ ಮದುವಿ ಆದಮ್ಯಾಲೆ ಜನ್ಮ ಪೂರ್ತಿ ನಿಲ್ಲಸ್ತಾಳ. ಬ್ಯಾಡ ಬಿಡು ಅಂಥಾಕಿ!” ಅಂತ ಕೂಗಾಡಿ ಬಿಸಿ ರೊಟ್ಟಿಯನ್ನು ಅವನ ತಾಟಿಗೆ ಎಸೆದೆ. ಅದೇ ದನಿಯಲ್ಲಿ ಒಳಗೆ ಟೀವಿ ಮುಂದೆ ಕೂತಿದ್ದ ಮಗಳನ್ನು ಊಟಕ್ಕೆ ಕರೆದೆ.

ಅವಳು ಅಲ್ಲಿಂದಲೇ ಕಿರುಚಿದಳು: “ಕಾಯ್?”

ಹುಡುಗ ಬಾಯಿಗೆ ಒಯ್ಯುತ್ತಿದ್ದ ತುತ್ತನ್ನು ತಾಟಿಗೆ ಇಳಿಸಿ ಕೈ ಕಟ್ಟಿ ಕೂತ.

“ಯಾಕೋ? ಉಣ್ಣು.”

“ಪುಟ್ಟಿ ಕಾಯ್ ಅಂದಳಲ್ಲ ಅಕ್ಕಾ. ಬರ್ಲಿ.”

ನನ್ನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಅವನನ್ನೇ ನೋಡಿದೆ. “ತಮ್ಮಾ, ಮರಾಠಿಯೊಳಗ ಕಾಯ್ ಅಂದ್ರ ಏನು ಗೊತ್ತೇನು?”

ಅವನಿಗೆ ಗೊತ್ತಿರಲಿಲ್ಲ. ಮನೆಯಲ್ಲಿ ಕನ್ನಡ, ಆಫೀಸಿನಲ್ಲಿ ಇಂಗ್ಲಿಷು, ಆಟೋದಲ್ಲಿ ಹಿಂದಿ. ಮರಾಠಿಗೆ ಅವನಲ್ಲಿ ಜಾಗವೇ ಇರಲಿಲ್ಲ. ಮಗಳು ಬಾಗಿಲಿಗೆ ಬಂದು ಸೊಂಟದ ಮೇಲೆ ಕೈ ಇಟ್ಟು ಹೇಳಿದಳು: “ಕಾಯ್ ಅಂದ್ರ ‘ಏನು’ ಅಂತ ಅರ್ಥ ಮಾಮಾ. ಇಷ್ಟೂ ಬರಂಗಿಲ್ಲೇನು?”

ಆ ಹುಡುಗಿ ಮನೆಯಲ್ಲಿ ಕನ್ನಡ ಆಡಿದರೂ ರಸ್ತೆಯಲ್ಲಿ ಅವಳ ಬಾಯಿಂದ ಮರಾಠಿಯೇ ಬರುವುದು. ಕೇಳಿಸಲಿಲ್ಲ, ‘ಏನು, ಏನು’ ಅಂದಿದ್ದಾಳೆ. ಇವನು ನಿಂತುಬಿಟ್ಟಿದ್ದಾನೆ!

ಅಲ್ಲೇ, ಎಂಜಲು ಕೈಯಲ್ಲೇ ಫೋನ್ ಮಾಡಿಸಿದೆ. ಎಲ್ಲರಿಗೂ ಕೇಳುವ ಹಾಗೆ ಸ್ಪೀಕರಿಗೆ ಹಾಕಿಸಿದೆ. ನನ್ನ ಜವಾಬ್ದಾರಿ ಇತ್ತಲ್ಲ. ಹುಡುಗಿ ಮೊದಲು ಬಿಗಿಯಾಗಿಯೇ ಮಾತಾಡಿದಳು. ಗಾರ್ಡನ್ನಿಗೆ ಎರಡು ಗೇಟು. ಇವನು ಹಿಂದಿನದರಲ್ಲಿ, ಅವಳು ಮುಂದಿನದರಲ್ಲಿ. ಮಾತಾಡುತ್ತಿರುವಾಗಲೇ ಇವನು ಫೋನ್ ಇಟ್ಟನೆಂದು ಅವಳಿಗೆ ಸಿಟ್ಟು, ಅಷ್ಟರಲ್ಲಿ ಅವಳ ಫೋನಿನ ಚಾರ್ಜೂ ಮುಗಿದಿತ್ತು.

“ನೀವು ಕಾಯ್ ಅಂದ್ರಿ,” ಅಂದ ಹುಡುಗ. “ನಾನು ಕಾದೆ.”

ಆ ಕಡೆ ನಗು ಶುರುವಾಯಿತು ನೋಡಿ, ನಿಲ್ಲಲಿಲ್ಲ. ನಾನು ನಡುವೆ ಬಾಯಿ ಹಾಕಿದೆ: “ನೋಡವಾ, ಹೇಳಿದ್ದು ಕೇಳೋ ಗಂಡಸು ಸಿಗೂದು ಭಾಳ ಕಷ್ಟ. ಇಂವ ಹೇಳದೇ ಇದ್ದದ್ದನ್ನೂ ಕೇಳ್ಯಾನ.”

ಅವಳು ನಗು ನುಂಗಿಕೊಂಡು ಅಂದಳು: “ಮೆಸೇಜ್ ಬರದವರು ನೀವೇನ್ರಿ? ಈ ರವಿವಾರ ನಿಮ್ಮನಿಗೇ ಬರ್ತೀನ್ರಿ. ನಿಮ್ಮನಿಗೆ ಗೇಟು ಒಂದೇ ಅದ ಅಲ್ಲ?”

ಒಂದೇ ಗೇಟಿನ ಮನೆ

ಅವಳು ಸ್ಕೂಟರಿನ ಮೇಲೆ ಬಂದಳು, ತಲೆಗೆ ಕೆಂಪು ಹೆಲ್ಮೆಟ್. ನೋಡಿದ ಕೂಡಲೇ ನನಗೆ ಹಿಡಿಸಿದಳು. ನಾನು ಗಿರಮಿಟ್ ಮಾಡಿದ್ದೆ, ಮಿರ್ಚಿ ಕರಿದಿದ್ದೆ, ಗಂಡನಿಗೆ ಬಾಯಿ ತೆರೆಯಬೇಡ ಅಂದಿದ್ದೆ, ಮಗಳ ಕೈಗೆ ಚಾಕೊಲೇಟ್ ಕೊಟ್ಟು ಕೂರಿಸಿದ್ದೆ. ನಾನೂ ಒಳಗೇ ಇದ್ದೆ. ಆದರೆ ನಮ್ಮ ಅಡುಗೆಮನೆಗೆ ಬಾಗಿಲಿಲ್ಲ, ಪರದೆ ಅಷ್ಟೇ.

ಹುಡುಗ ಈ ಸಲ ಏನೂ ಬರೆದುಕೊಂಡಿರಲಿಲ್ಲ. ಬಾಲ್ಯ ತಾನಾಗಿಯೇ ಬಂತು, ಒಂದು ತಾಸು ಆಯಿತು. ಅವಳು ಎರಡನೇ ಪ್ಲೇಟು ಕೇಳಿದಳು. ಆಮೇಲೆ ಅವನು ಗಂಟಲು ಸರಿಮಾಡಿಕೊಂಡು, “ದೀಪಾವಳಿವರೆಗೂ ಯಾಕೆ… ನನ್ನನ್ನ ಮದುವೆ ಆಗ್ತೀರಾ?” ಅಂದ. ಸರಿಯಾಗಿ ಆಗಲೇ ನನ್ನ ಕುಕ್ಕರ್ ಸೀಟಿ ಹೊಡೆಯಿತು.

ಅವಳು “ಕಾಯ್?” ಅಂದಳು.

ಪರದೆಯ ಹಿಂದೆ ನಾನು ಗ್ಯಾಸ್ ಆರಿಸಿಬಿಟ್ಟೆ. ಹುಡುಗ ಈಗ ಕಲಿತಿದ್ದ. ಮೆಲ್ಲಗೆ ಕೇಳಿದ: “ಮರಾಠಿ ಕಾಯೋ, ಕನ್ನಡ ಕಾಯೋ?”

“ಮರಾಠಿದು. ಸೀಟಿಯೊಳಗ ಕೇಳಲಿಲ್ರಿ, ಇನ್ನೊಮ್ಮೆ ಹೇಳ್ರಿ.”

ಇನ್ನೊಮ್ಮೆ ಹೇಳಿದ. ಅವಳು ನಾಚಿ ಕೆಂಪಾಗಿ ಎದ್ದಳು. “ಈಗ ಕನ್ನಡದ್ದು. ಅಪ್ಪಗ ಫೋನ್ ಮಾಡಿ ಬರ್ತೀನಿ,” ಅಂತ ಮೆಟ್ಟಿಲ ಕಡೆ ಹೋದಳು.

ಹತ್ತು ನಿಮಿಷ. ಹುಡುಗ ಮಿರ್ಚಿಯ ತೊಟ್ಟನ್ನೇ ಕಡಿಯುತ್ತ ಕೂತ. ನಾನು ಪರದೆ ಬಿಟ್ಟು ಹೊರಗೆ ಬಂದುಬಿಟ್ಟಿದ್ದೆ. ಅವಳು ಬಂದಾಗ ಅವನಿಗಿಂತ ಮೊದಲು ನಾನೇ ಕೇಳಿದೆ: “ಅಪ್ಪಾರು ಏನಂದ್ರು?”

“ಕಾಯ್ ಅಂದ್ರು.”

“ಯಾವ ಕಾಯ್?” ಅಂತ ನಾವೆಲ್ಲ ಒಟ್ಟಿಗೇ ಕೂಗಿದೆವು.

“ಎರಡೂ. ಮೊದಲು ಮರಾಠಿದು, ಜೋರಾಗಿ. ಆಮೇಲೆ ಸಮಾಧಾನ ಆಗಿ ಕನ್ನಡದ್ದು: ಕಾಯಾಕ ಹೇಳು, ಬರೂ ರವಿವಾರ ಹುಡುಗನ್ನ ನೋಡಾಕ ನಾನ ಬರ್ತೀನಿ ಅಂದ್ರು. ತಳೇಗಾಂವದವರಿಗೆ ಬ್ಯಾಡ ಅಂತ ತಿಳಸ್ತಾರಂತ.”

ನಾನು ಗೋಡೆ ನೋಡಿದೆ. ನಾಲ್ಕನೇ ಪತ್ರಿಕೆಗೆ ಜಾಗ ಸರಿಯಾಗಿತ್ತು.

ಅವಳು ಹೋದ ಮೇಲೆ ನೋಡಿದರೆ ಕುರ್ಚಿಯ ಕೆಳಗೆ ಕೆಂಪು ಹೆಲ್ಮೆಟ್! ಹುಡುಗನನ್ನು ಕರೆದು ತೋರಿಸಿದೆ. “ನೋಡು, ನಾ ಹೇಳದೇನೇ ಆಕಿಗೆ ಸೂತ್ರ ಗೊತ್ತದ. ನಾಳೆ ನೀನ ಕೊಂಢವಾಕ್ಕ ಹೋಗಿ ಕೊಟ್ಟು ಬಾ. ಕೊರಿಯರ್ ಮಾಡೀಯ ಮತ್ತ!” ಅವನು ಅದನ್ನು ಎದೆಗೆ ಅವಚಿಕೊಂಡು ಹೋದ.

ಆ ಖುಷಿಯಲ್ಲಿ ಗಂಡನಿಗೆ ತಾಟು ಹಾಕುತ್ತ ಹೇಳಿದೆ: “ನಿನ್ನಂಥ ಉಪಾಯದ ಗಂಡಸು ಇದ್ದದ್ದಕ್ಕ ನನಗ ಈ ವಿದ್ಯಾ ಬಂತು. ಅವತ್ತು ನೀ ಹೆಲ್ಮೆಟ್ ಬಿಟ್ಟು ಹೋಗದಿದ್ರ?”

ದಿನವಿಡೀ ಬಾಯಿ ಮುಚ್ಚಿ ಕೂತು ಅವನಿಗೆ ಸಾಕಾಗಿತ್ತೇನೋ, ಸತ್ಯವೇ ಬಂದುಬಿಟ್ಟಿತು. “ಬಿಟ್ಟು ಹೋಗಿದ್ದಿಲ್ಲ. ಖರೇನ ಮರತಿದ್ದೆ.”

“ಕಾಯ್?” ಅಂದೆ ನಾನು.

ಅದು ಯಾವ ಭಾಷೆಯದು ಅಂತ ಅವನು ಕೇಳಲಿಲ್ಲ. ರೊಟ್ಟಿಗೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಸುಮ್ಮನೆ ಕಾಯುತ್ತ ಕೂತ.