ಸುಶೀಂದ್ರರ ದೀರ್ಘ ನಮಸ್ಕಾರ

"ವಿಶ್ರಾಂತಿಯೇ? ಅದು ಸೋಮಾರಿಗಳು ಹುಟ್ಟಿಸಿದ ಪದ!" ಎಂದು ಗುಡುಗಿದರು ಸುಶೀಂದ್ರರು. ಕೋವೈನ, ಅಂದರೆ ಕೊಯಮತ್ತೂರಿನ, ಗಣಪತಿ ಬಡಾವಣೆಯ ಪಂಪ್ ಕಾರ್ಖಾನೆಯೊಂದರಲ್ಲಿ ಇಂಜಿನಿಯರಾದ ಅವರಿಗೆ ಐವತ್ತು ದಾಟಿದ ಮೇಲೆ ಓಟದ ಹುಚ್ಚು ಹತ್ತಿತ್ತು. ಬೆಳಗ್ಗೆ ಓಟ, ಸಂಜೆ ಸೈಕಲ್, ನಡುವೆ ಬಸ್ಕಿ. ಬಿಡುವೆಂಬುದೇ ಇಲ್ಲ!

"ಇವತ್ತು ಪದ್ಮನ್ನ ನೋಡೋಕೆ ಧಾರಾಪುರಂನಿಂದ ಬರ್ತಾರೆ. ಒಂದು ದಿನ ಸುಮ್ಮನಿರಬಾರದಾ?" ಎಂದರು ಹೆಂಡತಿ ವನಮಾಲಾ.

"ಓಡ್ತಿರೋ ಪಂಪಿಗೆ ತುಕ್ಕು ಹಿಡಿಯಲ್ಲ, ತೆರಿಯುಮಾ, ಗೊತ್ತಾ?"

"ನಿಲ್ಲಿಸದೇ ಓಡಿಸಿದ್ರೆ ಮೋಟಾರಿನ ಕಾಯಿಲ್ ಸುಟ್ಟುಹೋಗತ್ತೆ ರೀ!"

ಕೇಳಲು ನಿಂತಿದ್ದರೆ ತಾನೇ! ಮರುದಮಲೈ ಬೆಟ್ಟದ ಮೆಟ್ಟಿಲುಗಳನ್ನು ಓಡುತ್ತ ಹತ್ತಿ, ಓಡುತ್ತ ಇಳಿದು ಬಂದು ಪಂಚೆ ಉಟ್ಟರು.

ಮಗಳು ಪದ್ಮಪ್ರಿಯಾಗೂ ವರ ಗುರುಪ್ರಸನ್ನನಿಗೂ ಫೋನಿನಲ್ಲೇ ಮನಸ್ಸು ಕೂಡಿತ್ತು. ಒಪ್ಪಬೇಕಾದವರು ವರನ ಅಜ್ಜಿ. ಅವರಿಗೋ, "ಕೋವೈ ಜನಕ್ಕೆ ತಿಮಿರು, ಸೊಕ್ಕು ಜಾಸ್ತಿ" ಎಂಬ ಅನುಮಾನ. ಅದನ್ನು ತೊಲಗಿಸಲೆಂದೇ ಸುಶೀಂದ್ರರು, ಮನೆಗೆ ಬಂದಿಳಿದ ಅಜ್ಜಿಯ ಮುಂದೆ ಉದ್ದಕ್ಕೆ ಬಿದ್ದು ಸಾಷ್ಟಾಂಗ ಹಾಕಿದರು.

ಹಾಕಿದ್ದು ಹಾಕಿದ್ದೇ! ಏಳಲು ಹೋದರೆ ಸೊಂಟ ಒಲ್ಲೆನೆಂದಿತು, ಮೀನಖಂಡ ಕಲ್ಲಾಗಿತ್ತು.

"ಚೆನ್ನಾಗಿರಪ್ಪಾ, ಏಳು," ಎಂದರು ಅಜ್ಜಿ. ಸುಶೀಂದ್ರರು ಏಳಲಿಲ್ಲ. ಮತ್ತೆ ಹರಸಿದರು. ಅಲುಗಲಿಲ್ಲ.

ವನಮಾಲಾ ಬಾಗಿ ಪಿಸುಗುಟ್ಟಿದರು: "ಏಳ್ರೀ, ಪೋದುಂ, ಸಾಕು!"

"ಆಗ್ತಿಲ್ಲ ಕಣೇ... ಕಾಯಿಲ್ ಸುಟ್ಟಿದೆ!"

ಅಜ್ಜಿಯ ಕಣ್ಣು ತುಂಬಿತು. "ಈ ಕಾಲದಲ್ಲೂ ಇಂಥಾ ವಿನಯವಾ! ಗುರು, ನೋಡೋ ಇಲ್ಲಿ!"

ನಡುಮನೆಯಲ್ಲಿದ್ದವರೆಲ್ಲ ಬೆರಗಾಗಿ ಎದ್ದು ನಿಂತರು. ಯಾರೋ ಕೈಯನ್ನೂ ಮುಗಿದರು! ತಣ್ಣನೆಯ ನೆಲ, ಮೇಲೆ ಫ್ಯಾನು, ತಲೆ ಸವರುವ ಅಜ್ಜಿಯ ಕೈ... ತಿಂಗಳುಗಟ್ಟಲೆ ಕೂಡಿಟ್ಟ ದಣಿವೆಲ್ಲ ಒಮ್ಮೆಗೇ ರೆಪ್ಪೆಗೆ ಇಳಿಯಿತು. ಸುಶೀಂದ್ರರು ಅಲ್ಲೇ ನಿದ್ದೆಹೋದರು! ಗೊರಕೆಯನ್ನು ಅಜ್ಜಿ ಜಪವೆಂದುಕೊಂಡರು.

ಎಚ್ಚರವಾದಾಗ ತಲೆಯಡಿ ದಿಂಬು, ಮೈಮೇಲೆ ಶಾಲು. ಹೆದರುತ್ತಲೇ ಕಾಲು ಮಡಿಸಿದರು. ಮಡಚಿಕೊಂಡಿತು! ಎದ್ದು ನಿಂತರು. ಮೈ ಹತ್ತಿಯಷ್ಟು ಹಗುರ. ಬರೀ ಒಂದು ನಿದ್ದೆಗೆ ಇಷ್ಟೊಂದು ಶಕ್ತಿಯೇ! ತಮ್ಮ ಕಾಲುಗಳನ್ನೇ ಬೇರೆ ಯಾರದೋ ಎಂಬಂತೆ ಬೆರಗಿನಿಂದ ನೋಡಿಕೊಂಡರು. ಆಮೇಲಷ್ಟೇ ನಡುಮನೆ ಖಾಲಿಯಿರುವುದು ಕಂಡಿತು.

"ಎಲ್ಲಿ ಅವರೆಲ್ಲ? ಕರಿ, ಮಾತುಕತೆ ಶುರು ಮಾಡೋಣ!"

"ತಾಂಬೂಲ ಬದಲಾಯಿಸಿ, ಊಟ ಮಾಡಿ ಹೊರಟೂ ಹೋದ್ರು. ಅಜ್ಜೀನೇ ನಿಮ್ಮನ್ನ ಎಬ್ಬಿಸಬೇಡಿ ಅಂದ್ರು. ಮದುವೆ ತೈ ತಿಂಗಳಲ್ಲಿ, ಸಂಕ್ರಾಂತಿ ಆದ್ಮೇಲೆ," ಎಂದ ವನಮಾಲಾ ದಿಂಬು ಎತ್ತಿಕೊಂಡರು. "ನೀವು ನಡುವೆ ಬಾಯಿ ಹಾಕದೇ ಇದ್ದಿದ್ದಕ್ಕೆ ಎಷ್ಟು ಸಲೀಸಾಗಿ ಮುಗೀತು ಗೊತ್ತಾ? ಮುಹೂರ್ತದ ದಿನಾನೂ ಹೀಗೇ ಚೆನ್ನಾಗಿ ರೆಸ್ಟ್ ತಗೊಳ್ಳಿ!"